ಕಂಪ್ಯೂಟರಿಗೆ ಚಿಲ್ಲರೆ ಕೊಡುವ ಡಬ್ಬಿ

ನವಲಗುಂದ ಕಡೆಯಿಂದ ಒಬ್ಬ ಅಜ್ಜಿಯ ಪತ್ರ ಬಂದಿದೆ. ಅಕ್ಷರ ಮೊಮ್ಮಗನದು, ಮಾತು ಅಜ್ಜಿಯದು. ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗನಿಗೆ ಹುಬ್ಬಳ್ಳಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟಿದ್ದಾರೆ. ಸೋದರಮಾವ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಾನೆ. ಅಂದಿನಿಂದ ಎರಡು ತೊಂದರೆ. "ಆಟ ಜೋರು ಹತ್ತಿದ ಕೂಡ್ಲೆ ಡಬ್ಬಿ ಪಟ್ಟನ ಆರತೈತಿ. ಮುಟ್ಟಿದ್ರ ಜುಮ್ ಅಂತೈತಿ." ಅಂಗಡಿಯವನಿಗೆ ತೋರಿಸಿದಾಗ ಅವನು ಎಸ್‌ಎಂಪಿಎಸ್ ಬದಲಿಸಬೇಕು ಎಂದು ಹೇಳಿ, 450 ವ್ಯಾಟಿನವೇ ಎರಡು ಮುಂದಿಟ್ಟನಂತೆ. ಒಂದಕ್ಕೆ 750 ರೂಪಾಯಿ, ಇನ್ನೊಂದಕ್ಕೆ 2,800. "ಎರಡರ ಮ್ಯಾಲೂ ಅಂಕಿ ಒಂದ ಐತಿ, ರೊಕ್ಕ ಮಾತ್ರ ನಾಕ್ ಪಟ್ಟು ಹೆಚ್ಚ. ಹಳ್ಳ್ಯಾಗಿನ ಮಂದಿ ಅಂತ ನಮಗ ಟೊಪ್ಪಿಗಿ ಹಾಕಾಕತ್ತಾನೇನ್ರಿ?"

ಇಲ್ಲ, ಅಜ್ಜಿ, ಅವನು ಟೊಪ್ಪಿಗೆ ಹಾಕಿಲ್ಲ. ಆದರೆ ನೀವು 2,800 ರೂಪಾಯಿ ಎಣಿಸಿ ಕೊಟ್ಟರೂ ಎರಡು ತೊಂದರೆಗಳಲ್ಲಿ ಒಂದೇ ಹೋಗುತ್ತದೆ. ಜುಮ್ ಎನ್ನುವುದು ಹಾಗೆಯೇ ಉಳಿಯುತ್ತದೆ. ಯಾಕೆಂದು ತಿಳಿಯಬೇಕಾದರೆ ಆ ಡಬ್ಬಿಯ ಕೆಲಸವೇನು ಎಂಬುದನ್ನು ಮೊದಲು ನೋಡಬೇಕು.

ಮಕ್ಕಳೇ, ನಿಮ್ಮ ಮನೆಯ ಅಥವಾ ಶಾಲೆಯ ಕಂಪ್ಯೂಟರಿನ ಹಿಂದೆ ಹೋಗಿ ನಿಲ್ಲಿ. ಗೋಡೆಯ ಪ್ಲಗ್ಗಿನಿಂದ ಬಂದ ದಪ್ಪ ವೈರು ಎಲ್ಲಿ ಸೇರುತ್ತದೋ ಅಲ್ಲೇ, ಒಳಗೆ, ಒಂದು ತಗಡಿನ ಡಬ್ಬಿ ಇರುತ್ತದೆ. ಅದಕ್ಕೊಂದು ಫ್ಯಾನು. ಅಗಲ 15 ಸೆಂಟಿಮೀಟರ್, ಎತ್ತರ 8.6, ಉದ್ದ ಸಾಮಾನ್ಯವಾಗಿ 14. ಯಾವ ಕಂಪನಿಯದಾದರೂ ಅಗಲ, ಎತ್ತರ, ಸ್ಕ್ರೂ ತೂತುಗಳ ಜಾಗ ಒಂದೇ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು, ಉಳಿದವರು ಅದನ್ನೇ ಹಿಡಿದರು. ಈ ಡಬ್ಬಿಯ ಪೂರ್ಣ ಹೆಸರು ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ನಮ್ಮ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಎಸ್‌ಎಂಪಿಎಸ್.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಬಂದವನು ನಾನು, ನನಗೆ ಇದು ಚಿಲ್ಲರೆಯ ವ್ಯವಹಾರದಂತೆಯೇ ಕಾಣುತ್ತದೆ. ಹೆಸ್ಕಾಂ ತಂತಿಯಲ್ಲಿ ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ದೊಡ್ಡ ನೋಟು. ಮೇಲಾಗಿ ಅದು ಒಂದು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಡಾಡುವ ವಿದ್ಯುತ್ತು. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಆ ನೋಟು ನಡೆಯುವುದಿಲ್ಲ. ಅವಕ್ಕೆ ಒಂದೇ ದಿಕ್ಕಿಗೆ ಹರಿಯುವ 12 ವೋಲ್ಟ್, 5 ವೋಲ್ಟ್, 3.3 ವೋಲ್ಟುಗಳ ಚಿಲ್ಲರೆಯೇ ಬೇಕು. ನೋಟು ತೆಗೆದುಕೊಂಡು ಚಿಲ್ಲರೆ ಎಣಿಸಿಕೊಡುವ ಕ್ಯಾಷಿಯರನೇ ಎಸ್‌ಎಂಪಿಎಸ್. ಎಣಿಕೆ ಖಡಕ್ಕಾಗಿರಬೇಕು. 12 ವೋಲ್ಟ್ ಎಂದರೆ 11.4ಕ್ಕಿಂತ ಇಳಿಯಬಾರದು, 12.6ಕ್ಕಿಂತ ಏರಬಾರದು. ನೂರಕ್ಕೆ ಐದರಷ್ಟೇ ರಿಯಾಯಿತಿ.

ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಯ ಅಜ್ಜಂದಿರಿಗೆ ನೆನಪಿರಬಹುದು, ಅದನ್ನು ಎತ್ತುವುದೆಂದರೆ ಜೋಳದ ಚೀಲ ಎತ್ತಿದ ಹಾಗೆ. ಒಳಗಿನ ಕಬ್ಬಿಣದ ಟ್ರಾನ್ಸ್‌ಫಾರ್ಮರಿನದೇ ಅರ್ಧ ಭಾರ. 1980ರ ದಶಕದಲ್ಲಿ ನಮ್ಮ ಬ್ಯಾಂಕುಗಳಿಗೆ ಯಂತ್ರಗಳು ಬಂದವು. ರಂಗರಾಜನ್ ಸಮಿತಿಯ ವರದಿ ಬಂದದ್ದು 1984ರಲ್ಲಿ. ಆಗ ಆ ಯಂತ್ರಗಳ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದೆವು, ದೇವರ ಮನೆಗೆ ಹೋದ ಹಾಗೆ. ಮೂಲೆಯಲ್ಲಿ ಕೂತ ಸ್ಟೆಬಿಲೈಜರನ್ನು ಸರಿಸಲು ಇಬ್ಬರು ಬೇಕು. ಈಗಿನ ಎಸ್‌ಎಂಪಿಎಸ್ ಅನ್ನು ಐದನೆಯ ತರಗತಿಯ ಹುಡುಗಿ ಒಂದು ಕೈಯಲ್ಲಿ ಎತ್ತುತ್ತಾಳೆ. ಅದೇ ಕೆಲಸ ಇಷ್ಟು ಹಗುರ ಹೇಗಾಯಿತು?

ಬಾವಿಯಿಂದ ತೊಟ್ಟಿಗೆ ನೀರು ತುಂಬಬೇಕು ಎನ್ನಿ. ನಿಮಿಷಕ್ಕೆ ಒಂದೇ ಸಲ ಸುರಿಯುವವನಿಗೆ ದೊಡ್ಡ ಕೊಡವೇ ಬೇಕು. ಸಾವಿರ ಸಲ ಸುರಿಯುವವನಿಗೆ ಒಂದು ವಾಟಗ ಸಾಕು. ಹಳೆಯ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಸಲ ಕೆಲಸ ಮಾಡುತ್ತಿತ್ತು, ಅದಕ್ಕೆ ಕೊಡದಂಥ ಕಬ್ಬಿಣ ಬೇಕಿತ್ತು. ಎಸ್‌ಎಂಪಿಎಸ್ ಹಾಗಲ್ಲ. ಬಂದ ವಿದ್ಯುತ್ತನ್ನು ಅದು ಮೊದಲು ಒಂದೇ ದಿಕ್ಕಿಗೆ ತಿರುಗಿಸಿ, ಮೋಂಬತ್ತಿಯ ತುಂಡಿನಂತಿರುವ ಒಂದು ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಅದು ಸುಮಾರು 325 ವೋಲ್ಟ್ ಆಗಿರುತ್ತದೆ. ಆಮೇಲೆ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹಾಕಿ ಆರಿಸಿ, ಹಾಕಿ ಆರಿಸಿ, ಸಣ್ಣಸಣ್ಣ ತುಣುಕು ಮಾಡುತ್ತವೆ. ಹಾಗಾಗಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಹೆಸರಿನಲ್ಲಿರುವ ಸ್ವಿಚ್ ಇದೇ. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಮಾಡಿದ್ದೂ ಇಂಥದೇ. 1981ರ ಐಬಿಎಂ ಪಿಸಿಗೆ 63.5 ವ್ಯಾಟಿನ ಡಬ್ಬಿ ಸಾಕಾಗಿತ್ತು. ಇವತ್ತು ಆಟದ ಕಾರ್ಡೊಂದೇ ಅದರ ಎರಡು ಮೂರು ಪಟ್ಟು ಕೇಳುತ್ತದೆ.

ಡಬ್ಬಿಯಿಂದ ಹೊರಬರುವ ಬಣ್ಣಬಣ್ಣದ ವೈರುಗಳಿಗೂ ಅರ್ಥವಿದೆ. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಮರಳಿ ಬರುವ ದಾರಿ. ಈಗೀಗ ಕೆಲವು ಕಂಪನಿಗಳು ಎಲ್ಲವನ್ನೂ ಕಪ್ಪಾಗಿಯೇ ಮಾಡುತ್ತವೆ, ನೋಡಲು ಚೆಂದ ಎಂದು. ನನಗೇನೋ ಬಣ್ಣವೇ ಇಷ್ಟ. ನೇರಳೆ ವೈರಿನಲ್ಲಿ ಕಂಪ್ಯೂಟರ್ ಆರಿಸಿದ ಮೇಲೂ 5 ವೋಲ್ಟ್ ಇರುತ್ತದೆ, ಗೋಡೆಯ ಸ್ವಿಚ್ಚು ಆರಿಸಿದರೆ ಮಾತ್ರ ಅದು ನಿಲ್ಲುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ಬೂದು ಬಣ್ಣದ ವೈರು. ಬಟನ್ ಒತ್ತಿದ ಮೇಲೆ ಡಬ್ಬಿ ತನ್ನ ಚಿಲ್ಲರೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು, ಅರ್ಧ ಸೆಕೆಂಡಿನೊಳಗೆ ಈ ವೈರಿನಲ್ಲಿ 'ಸರಿ' ಎಂದು ಮದರ್‌ಬೋರ್ಡಿಗೆ ತಿಳಿಸುತ್ತದೆ. ಆ ಸಹಿ ಬೀಳುವವರೆಗೆ ಕಂಪ್ಯೂಟರ್ ಏಳುವುದಿಲ್ಲ. ಮ್ಯಾನೇಜರರ ಸಹಿಯಿಲ್ಲದೆ ಚೆಕ್ಕು ಪಾಸಾಗದ ಹಾಗೆ.

ಇನ್ನು ಅಜ್ಜಿಯ ಪ್ರಶ್ನೆಗೆ ಬರೋಣ. ಎರಡರ ಮೇಲೂ 450 ಎಂದಿದೆ, ಬೆಲೆ ಯಾಕೆ ಬೇರೆ?

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಿಟ್ಟುಬಿಡಿ. ಡಬ್ಬಿಯ ಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಸಣ್ಣ ಅಕ್ಷರದ ಒಂದು ಕೋಷ್ಟಕ. ಕನ್ನಡಕ ಹಾಕಿಕೊಂಡು ಅದನ್ನು ಓದಬೇಕು, ಇಲ್ಲವೇ ಮೊಮ್ಮಗಳಿಂದ ಓದಿಸಬೇಕು. ಪ್ರತಿ ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ಬರೆದಿರುತ್ತಾರೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಇಷ್ಟೇ ಲೆಕ್ಕ. ಇದಕ್ಕೆ ಬಿ.ಕಾಂ. ಬೇಕಾಗಿಲ್ಲ.

ನಮ್ಮ ಮಿಶ್ರಿಕೋಟಿಯಲ್ಲಿ ಪಕ್ಕದ ಮನೆಯ ಹುಡುಗನ ಕಂಪ್ಯೂಟರಿನಲ್ಲಿ ಇಂಥದೊಂದು ಅಗ್ಗದ 450 ಇದೆ. ಅದರ ಚೀಟಿ ಹೀಗೆ: 3.3 ವೋಲ್ಟಿಗೆ 20 ಆಂಪಿಯರ್, ಅಂದರೆ 66 ವ್ಯಾಟ್. 5 ವೋಲ್ಟಿಗೆ 22, ಅಂದರೆ 110. 12 ವೋಲ್ಟಿಗೆ 14, ಅಂದರೆ 168. ಉಳಿದ ಚಿಲ್ಲರೆಪಲ್ಲರೆ ಎರಡು ಸೇರಿ 16. ಕೂಡಿಸಿ ನೋಡಿ. ಅದೆಲ್ಲಾ ಒಟ್ಟಿಗೆ ಕೊಟ್ಟರೂ 360. ಮೇಲೆ ಬರೆದದ್ದು 450! ಉಳಿದ 90 ವ್ಯಾಟ್ ಎಲ್ಲಿ? ನಮ್ಮ ಕಾಲದಲ್ಲಿ ಸಂಜೆಯ ಹೊತ್ತು ಲೆಡ್ಜರ್ ಹೀಗೆ ತಾಳೆಯಾಗದೆ ಇದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಮೊತ್ತಕ್ಕಿಂತ ಮುಖ್ಯವಾದದ್ದು 12 ವೋಲ್ಟಿನ ಸಾಲು. ಮೂವತ್ತು ವರ್ಷದ ಹಿಂದೆ ಕಂಪ್ಯೂಟರಿನ ಬಹುಪಾಲು ಭಾಗಗಳು 5 ಮತ್ತು 3.3 ವೋಲ್ಟ್ ತಿನ್ನುತ್ತಿದ್ದವು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟಿನ ವೈರಿಗೇ ಬಾಯಿ ಹಾಕುತ್ತವೆ. ಹತ್ತು ರೂಪಾಯಿ ನೋಟು ಕೇಳುವ ಗಿರಾಕಿಗಳೇ ಸಾಲುಗಟ್ಟಿ ನಿಂತಿರುವಾಗ ಡ್ರಾವರಿನ ತುಂಬ ಎರಡು ರೂಪಾಯಿ ನಾಣ್ಯ ಇಟ್ಟುಕೊಂಡು ಕೂತರೆ ಏನು ಬಂತು?

ಅಜ್ಜಿಯ ಮೊಮ್ಮಗನ ಲೆಕ್ಕವನ್ನೇ ಹಿಡಿಯೋಣ. ಕಾರ್ಡು ಯಾವುದೆಂದು ಪತ್ರದಲ್ಲಿ ಇಲ್ಲ. ಮಧ್ಯಮ ದರ್ಜೆಯದು, 120 ವ್ಯಾಟ್ ಎಂದುಕೊಳ್ಳಿ. ಪ್ರೊಸೆಸರ್ ಜೋರಾಗಿ ದುಡಿಯುವಾಗ 90. ಎರಡೂ ಸೇರಿ 210. ಅದನ್ನು 12ರಿಂದ ಭಾಗಿಸಿದರೆ ಹದಿನೇಳೂವರೆ ಆಂಪಿಯರ್. ಇದ್ದದ್ದು 14. ಅಕ್ಷರ ಬರೆಯುವಾಗ, ಪಾಠದ ವಿಡಿಯೊ ನೋಡುವಾಗ ಇಷ್ಟೆಲ್ಲ ಬೇಕಾಗುವುದಿಲ್ಲ, ಆದ್ದರಿಂದ ನಡೆಯುತ್ತದೆ. ಆಟ ಶುರುವಾಗಿ ಕಾರ್ಡು ಕೈಚಾಚಿದ ಕೂಡಲೇ ಡಬ್ಬಿಯ ಹತ್ತಿರ ಕೊಡಲು ಇಲ್ಲ, ಪಟ್ಟನೆ ಆರುತ್ತದೆ. ಹಾಗೆ ಆರುವುದೇ ಒಳ್ಳೆಯದು ಎನ್ನಬೇಕು. ತಡೆದು ನಿಲ್ಲಿಸುವ ಏರ್ಪಾಡನ್ನೇ ಖರ್ಚು ಉಳಿಸಲು ಬಿಟ್ಟ ಡಬ್ಬಿಗಳಿವೆ. ಅಂಥದು ಸುಡುವಾಗ ತಾನೊಂದೇ ಸುಡದೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಹಾರ್ಡ್‌ಡಿಸ್ಕಿನಲ್ಲಿ ಮನೆಯ ಮದುವೆಯ ಫೋಟೊಗಳಿದ್ದರೆ ಅವೂ ಹೋದವು. 750ರ ಡಬ್ಬಿ ಅಗ್ಗವೋ ತುಟ್ಟಿಯೋ, ಈ ಲೆಕ್ಕದಲ್ಲಿ ನೋಡಿ.

2,800ರದ್ದರ ಚೀಟಿಯಲ್ಲಿ 12 ವೋಲ್ಟಿನ ಎದುರು 36 ಆಂಪಿಯರ್ ಎಂದಿದ್ದರೆ ಅದು 432 ವ್ಯಾಟ್. ಅದು ಪ್ರಾಮಾಣಿಕ 450. 5 ಮತ್ತು 3.3 ವೋಲ್ಟುಗಳಿಗೆ ಸೇರಿ 100 ವ್ಯಾಟ್ ಎಂದು ಪಕ್ಕದಲ್ಲೇ ಬರೆದಿರಬಹುದು. ಅದು 532 ಆಯಿತಲ್ಲ ಎಂದು ಜಾಣ ಮಕ್ಕಳು ಕೇಳುತ್ತೀರಿ. ಕೆಳಗೆ ಒಟ್ಟು ಮಿತಿ 450 ಎಂದೂ ಬರೆದಿರುತ್ತಾರೆ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಸಾಲದ ಖಾತೆ ಇದ್ದಂತೆ. ಯಾರು ಎಷ್ಟು ತೆಗೆದರೂ ಒಟ್ಟು ಗೆರೆ ದಾಟುವಂತಿಲ್ಲ. ಮಿತಿಯನ್ನು ಬರೆದುಕೊಡುವವನ ಮೇಲೆ ನನಗೆ ನಂಬಿಕೆ ಹೆಚ್ಚು.

ಅಂಗಡಿಯಲ್ಲಿ ಇನ್ನೂ ಮೂರು ಮಾತು ಕೇಳಿ. ಗ್ಯಾರಂಟಿ ಎಷ್ಟು ವರ್ಷ, ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ? ಭಾರತೀಯ ಮಾನಕ ಬ್ಯೂರೋದ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಚೀಟಿಯ ಮೇಲಿದೆಯೇ? ಮೊಮ್ಮಕ್ಕಳ ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡರೆ ಆ ಸಂಖ್ಯೆ ಖರೆಯೋ ಸುಳ್ಳೋ ಅಲ್ಲೇ ನಿಂತು ನೋಡಬಹುದು. ಮೂರನೆಯದು, ಕಾರ್ಡಿಗೆ ಬೇಕಾದ ಆರು ಅಥವಾ ಎಂಟು ಪಿನ್ನಿನ ವೈರು ಡಬ್ಬಿಯಲ್ಲೇ ಇದೆಯೇ? ಇಲ್ಲದಿದ್ದರೆ ಎಲ್ಲೆಲ್ಲಿಂದಲೋ ಜೋಡಿಸಿ ಕೊಡುತ್ತಾರೆ, ಅದು ಬೇಡ. ಡಬ್ಬಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ ಭಾರವಿದ್ದರೆ ಒಳ್ಳೆಯದು ಎನ್ನುವವರಿದ್ದಾರೆ. ತೀರ ಹಗುರವಾದದ್ದರ ಮೇಲೆ ಸಂಶಯ ಪಡಿ ಸರಿ, ಆದರೆ ಭಾರವೊಂದನ್ನೇ ನಂಬಿ ಕೊಳ್ಳಲು ಇದು ಕುಂಬಳಕಾಯಿ ಅಲ್ಲ.

ಹಾಗೆಂದು ಅಂಗಡಿಯವನು 850 ವ್ಯಾಟಿನದು ತೋರಿಸಿದರೆ ಮರುಳಾಗಬೇಡಿ. ಆಟದ ಕಾರ್ಡಿಲ್ಲದ, ಓದು ಬರಹದ ಕಂಪ್ಯೂಟರ್ 100 ವ್ಯಾಟಿನ ಆಚೀಚೆ ತಿನ್ನುತ್ತದೆ. ಅದಕ್ಕೆ ಒಳ್ಳೆಯ ಕಂಪನಿಯ ಅತಿ ಚಿಕ್ಕ ಡಬ್ಬಿಯೇ ಧಾರಾಳ.

ಪೆಟ್ಟಿಗೆಯ ಮೇಲೆ '80 ಪ್ಲಸ್' ಎಂಬ ಮುದ್ರೆ ಕಾಣುತ್ತದೆ, ಕಂಚು, ಬೆಳ್ಳಿ, ಬಂಗಾರ ಎಂದು ಅದರಲ್ಲಿ ದರ್ಜೆಗಳಿವೆ. 2004ರಲ್ಲಿ ಶುರುವಾದದ್ದು. ಗೋಡೆಯಿಂದ ತೆಗೆದುಕೊಂಡ ನೂರರಲ್ಲಿ ಎಂಬತ್ತನ್ನಾದರೂ ಕಂಪ್ಯೂಟರಿಗೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಎಂದು ಅರ್ಥ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆ ಇರುವಾಗ, ಕಂಚಿಗೆ 85, ಬಂಗಾರಕ್ಕೆ 90. ಗಿರಣಿಯಲ್ಲಿ ಜೋಳ ಬೀಸಿಸಿದಾಗ ಹಿಟ್ಟು ಸ್ವಲ್ಪ ಹಾರಿ ಹೋಗುತ್ತದಲ್ಲ, ಹಾಗೆ. ಇದರಿಂದ ಕರೆಂಟ್ ಬಿಲ್ಲು ಎಷ್ಟು ಉಳಿಯುತ್ತದೆ? ಕಂಪ್ಯೂಟರ್ 100 ವ್ಯಾಟ್ ತಿನ್ನುತ್ತದೆ ಎನ್ನಿ. ನೂರಕ್ಕೆ 70 ಮುಟ್ಟಿಸುವ ಡಬ್ಬಿ ಗೋಡೆಯಿಂದ 143 ವ್ಯಾಟ್ ಎಳೆಯುತ್ತದೆ, 85 ಮುಟ್ಟಿಸುವುದು 118. ವ್ಯತ್ಯಾಸ 25. ದಿನಕ್ಕೆ 4 ತಾಸು, ವರ್ಷಕ್ಕೆ 300 ದಿನ ನಡೆಸಿದರೆ 30 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿಕೊಳ್ಳಿ, ಬಂಗಾರದ ಮುದ್ರೆಗೆ ಸಾವಿರಾರು ರೂಪಾಯಿ ಹೆಚ್ಚು ಕೊಡುವಷ್ಟು ದೊಡ್ಡ ಮೊತ್ತವಲ್ಲ. ಕಂಚು ಸಾಕು. ಆದರೆ ಬಿಸಿಯ ಮಾತು ಬೇರೆ. 43 ವ್ಯಾಟಿನ ಬಿಸಿ ಡಬ್ಬಿಯೊಳಗೇ ಕುದಿಯುವುದಕ್ಕೂ 18ಕ್ಕೂ ಬಹಳ ಅಂತರವಿದೆ. ಬಿಸಿಗೆ ಕೆಪಾಸಿಟರುಗಳು ಬೇಗ ಮುಪ್ಪಾಗುತ್ತವೆ, ಉಬ್ಬುತ್ತವೆ. ನಮ್ಮ ಕಡೆಯ ಧೂಳು ಫ್ಯಾನಿಗೆ ಮೆತ್ತಿಕೊಂಡರಂತೂ ಕೇಳುವುದೇ ಬೇಡ.

ಈಗ ಜುಮ್ ಎನ್ನುವುದು. ಇದನ್ನು ನಾನು ಎಸ್‌ಎಂಪಿಎಸ್‌ಗಿಂತ ದೊಡ್ಡ ವಿಷಯ ಎಂದು ತಿಳಿಯುತ್ತೇನೆ.

ಎಸ್‌ಎಂಪಿಎಸ್ ಒಳಗೆ, ವಿದ್ಯುತ್ತಿನ ಗದ್ದಲ ಸೋಸಲು, ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಡಬ್ಬಿಯ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ತಗಡಿನಿಂದ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನಿನ ಮೂಲಕ ಎಲ್ಲವೂ ಭೂಮಿಗೆ ಹೋಗಬೇಕು. ಆ ದಾರಿಯೇ ಇಲ್ಲದಿದ್ದರೆ? ತಗಡು 230 ಮತ್ತು ಸೊನ್ನೆಯ ನಡುವೆ, ಸುಮಾರು 115 ವೋಲ್ಟಿನಲ್ಲಿ ಜೋತಾಡುತ್ತದೆ. ಹರಿಯುವ ಕರೆಂಟು ತೀರ ಕಡಿಮೆ, ಅದಕ್ಕೇ ಬರೀ ಜುಮ್. 750ರದ್ದು ಹಾಕಿದರೂ ಜುಮ್, 2,800ರದ್ದು ಹಾಕಿದರೂ ಜುಮ್. ಡಬ್ಬಿಯ ತಪ್ಪಲ್ಲ, ಗೋಡೆಯ ತಪ್ಪು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಬೋರ್ಡಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಕೆಲವರು ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಇದ್ದ ದಾರಿಯನ್ನೂ ಮುಚ್ಚುತ್ತಾರೆ.

ಜುಮ್ ಎನ್ನುವುದು ಇವತ್ತು ಕಚಗುಳಿ. ನಾಳೆ ಒಳಗಿನ ಒಂದು ಫೇಸ್ ವೈರು ಸವೆದು ತಗಡಿಗೆ ತಾಗಿದರೆ ಅದೇ ತಗಡಿನಲ್ಲಿ ಪೂರಾ 230 ವೋಲ್ಟ್ ಇರುತ್ತದೆ, ಆಗ ಮುಟ್ಟುವುದು ನಿಮ್ಮ ಮೊಮ್ಮಗನ ಕೈ. ಆದ್ದರಿಂದ, ಅಜ್ಜಿ, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅವನು ಮೀಟರ್ ಹಿಡಿದು ಫೇಸಿಗೂ ಅರ್ಥಿಂಗಿಗೂ ನಡುವೆ ನೋಡಲಿ, ಅಲ್ಲಿ 230ರ ಹತ್ತಿರ ತೋರಿಸಬೇಕು. ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ ಒಂದೆರಡು ವೋಲ್ಟ್ ಅಷ್ಟೇ. ಇಲ್ಲದಿದ್ದರೆ ಮನೆಯ ಹೊರಗೆ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ, ಪೈಪು ಇಳಿಸಿ ಅರ್ಥಿಂಗ್ ಮಾಡಿಸಿ. ನಿಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ವಿದ್ಯುತ್ತಿಗೆ ಅದು ಒಳ್ಳೆಯ ದಾರಿ. ಬೇಸಿಗೆಯಲ್ಲಿ ಮಾತ್ರ ಕೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಆಗ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದು ಮೊಮ್ಮಗನ ಕೆಲಸವಾಗಲಿ, ತುಳಸಿಗೆ ಹಾಕಿದ ಹಾಗೆ. ನಮ್ಮ ಕಲಘಟಗಿ ಸೀಮೆಗೆ ಮಳೆ ಹೆಚ್ಚು, ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನಾನೂ ಹಾಕಿಸುತ್ತೇನೆ.

ಒಂದು ಎಚ್ಚರಿಕೆ. ಗುಂಡಿ ಯಾಕೆ, ಬೋರ್ಡಿನಲ್ಲೇ ನ್ಯೂಟ್ರಲ್ ವೈರನ್ನು ಅರ್ಥಿಂಗ್ ತೂತಿಗೆ ಜೋಡಿಸಿಬಿಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊರಗೆ ಕಂಬದ ಹತ್ತಿರ ನ್ಯೂಟ್ರಲ್ ಕಡಿದ ದಿನ ಮನೆಯ ತಗಡಿನ ಸಾಮಾನೆಲ್ಲ ಕರೆಂಟು ಹೊಡೆಯುತ್ತದೆ. ಅರ್ಥಿಂಗ್ ಮಾಡಿಸುವಾಗಲೇ ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದು ಹಾಕಿಸಿದರೆ ಮಿಕ್ಸರ್, ಇಸ್ತ್ರಿಪೆಟ್ಟಿಗೆಗೂ ಕಾವಲಾಯಿತು.

ಹಳೆಯ ಎಸ್‌ಎಂಪಿಎಸ್‌ಗಳ ಹಿಂದೆ ಒಂದು ಪುಟ್ಟ ಕೆಂಪು ಸ್ವಿಚ್ಚು ಇರುತ್ತದೆ, 115 ಮತ್ತು 230 ಎಂದು. ಮಕ್ಕಳೇ, ಅದನ್ನು ಸರಿಸಿ ನೋಡುವ ಆಸೆ ಬೇಡ. 115ಕ್ಕೆ ಸರಿಸಿ ನಮ್ಮ ಪ್ಲಗ್ಗಿಗೆ ಹಚ್ಚಿದರೆ ಒಳಗಿನ ವೋಲ್ಟೇಜು ಎರಡು ಪಟ್ಟಾಗಿ ಕೆಪಾಸಿಟರ್ ಪಟಾಕಿಯಂತೆ ಸಿಡಿಯುತ್ತದೆ. ಹೊಸ ಒಳ್ಳೆಯ ಡಬ್ಬಿಗಳಲ್ಲಿ ಆ ಸ್ವಿಚ್ಚೇ ಇಲ್ಲ, 100ರಿಂದ 240ರವರೆಗೆ ಎಷ್ಟು ಬಂದರೂ ತಾವೇ ಹೊಂದಿಸಿಕೊಳ್ಳುತ್ತವೆ. ಸಂಜೆ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಶುರುವಾಗಿ ಬಲ್ಬು ಕೆಂಪಗಾಗುವ ಊರುಗಳಿಗೆ ಇದು ದೊಡ್ಡ ಅನುಕೂಲ. ಚೀಟಿಯ ಮೇಲೆ ಈ ಅಂಕಿ ಇದೆಯೋ ನೋಡಿ. ಗುಡುಗು ಮಿಂಚು ಇದ್ದಾಗ ಮಾತ್ರ ಯಾವ ಡಬ್ಬಿಯನ್ನೂ ನಂಬದೆ ಪ್ಲಗ್ಗನ್ನೇ ಕಿತ್ತಿಡಿ, ಇಂಟರ್‌ನೆಟ್ಟಿನ ವೈರನ್ನೂ ಸೇರಿಸಿ.

ಹಳೆಯ ಡಬ್ಬಿ ಕೆಟ್ಟಿತೆಂದು ಮನೆಯಲ್ಲೇ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಆ 325 ವೋಲ್ಟ್ ಕೆಪಾಸಿಟರಿನಲ್ಲಿ ಕೂತಿರಬಹುದು. ಹೊಸದು ಹಾಕಿಸಿಕೊಳ್ಳುವಾಗ ಅಂಗಡಿಯವನು ಹಳೆಯದರ ಸ್ಕ್ರೂ ತೆಗೆಯುವುದನ್ನು, ಇಪ್ಪತ್ನಾಲ್ಕು ಪಿನ್ನಿನ ಅಗಲವಾದ ಕನೆಕ್ಟರನ್ನು ಮದರ್‌ಬೋರ್ಡಿಗೆ ಕೂಡಿಸುವುದನ್ನು ಮೊಮ್ಮಗ ಪಕ್ಕದಲ್ಲಿ ನಿಂತು ನೋಡಲಿ. ಅದು ಒಂದೇ ಬದಿಗೆ ಕೂಡುತ್ತದೆ, ಟಕ್ ಎಂದು ಸದ್ದು ಬರುತ್ತದೆ.

ಕರೆಂಟು ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದದ್ದರಿಂದ ಸೆಕೆಂಡಿನ ಸಾವಿರದ ಹದಿನಾರು ಭಾಗದಷ್ಟು ಹೊತ್ತು ಕಂಪ್ಯೂಟರನ್ನು ಎತ್ತಿ ಹಿಡಿಯುತ್ತದೆ. ಅಷ್ಟರೊಳಗೆ ಯುಪಿಎಸ್ ಕೈ ಕೊಡಬೇಕು. ಅದರ ಬ್ಯಾಟರಿಯ ವಿಚಾರ ಮುಂದಿನ ವಾರ. ಅಷ್ಟರಲ್ಲಿ ಮಕ್ಕಳು ಮನೆಯ ಮೊಬೈಲ್ ಚಾರ್ಜರುಗಳ ಮೇಲಿನ ಚೀಟಿ ಓದಿ, ವೋಲ್ಟನ್ನು ಆಂಪಿಯರಿನಿಂದ ಗುಣಿಸಿ, ಯಾವುದು ಎಷ್ಟು ವ್ಯಾಟ್ ಎಂದು ಬರೆದು ಕಳಿಸಿ.